ಮನೆಯ ಕಂಪ್ಯೂಟರುಗಳೆಲ್ಲ ಒಂದೇ ತಾಳಕ್ಕೆ ಹಾಡಬೇಕಾದರೆ

ಒಂದೇ ಮನೆಯ ಮೂರು ಕಂಪ್ಯೂಟರುಗಳಲ್ಲಿ ಒಂದೇ ಇಂಟರ್‌ನೆಟ್ ರೇಡಿಯೋ ಹಚ್ಚಿಟ್ಟು, ಪಡಸಾಲೆಯಿಂದ ಅಡುಗೆಮನೆಗೂ ಅಲ್ಲಿಂದ ಮಾಳಿಗೆಯ ಕೋಣೆಗೂ ಒಮ್ಮೆ ಓಡಾಡಿ ನೋಡಿ. ಪಡಸಾಲೆಯಲ್ಲಿ ಮುಗಿದ ಸಾಲು ಅಡುಗೆಮನೆಯಲ್ಲಿ ಆಗಷ್ಟೇ ಶುರುವಾಗಿರುತ್ತದೆ. ಮಾಳಿಗೆಯಲ್ಲಿ ಅದು ಇನ್ನೂ ಬಂದೇ ಇರುವುದಿಲ್ಲ. ಬೆಳಗಿನ ಹೊತ್ತು ವಚನಗಳೂ ದಾಸರ ಪದಗಳೂ ಎಲ್ಲ ಕೋಣೆಗಳಲ್ಲಿ ಕೇಳಿಸುವಂತೆ ಮಾಡೋಣವೆಂದು ಹೊರಟಾಗ ನಮಗೆ ಮೊದಲು ಎದುರಾದದ್ದು ಇದೇ ಗೊಂದಲ. “ಯಾಕೋ ತಮ್ಮಾ, ಒಬ್ಬಾಕಿ ಹಾಡಿದ್ದನ್ನ ಇನ್ನೊಬ್ಬಾಕಿ ಅಣಕಿಸಿದಂಗ ಕೇಳತೈತಲ್ಲ” ಎಂದು ಅವ್ವ ಅಡುಗೆಮನೆಯಿಂದಲೇ ಕೇಳಿದಳು.

ಇಂಟರ್‌ನೆಟ್ಟಿನ ವೇಗ ಸಾಲದೆ ಹೀಗಾಗುತ್ತದೆಂದು ಬಹಳ ಜನ ತಿಳಿಯುತ್ತಾರೆ. ದುಬಾರಿ ಪ್ಲಾನ್ ಹಾಕಿಸಿದರೂ, ಹೊಸ ರೂಟರ್ ತಂದರೂ ಈ ವ್ಯತ್ಯಾಸ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಇಂಟರ್‌ನೆಟ್ ರೇಡಿಯೋ ನುಡಿಸುವ ಪ್ರತಿಯೊಂದು ಪ್ಲೇಯರ್ ಸಂಪರ್ಕ ಸಿಕ್ಕ ಕೂಡಲೇ ದನಿ ಹೊರಡಿಸುವುದಿಲ್ಲ. ದಾರಿಯಲ್ಲಿ ತಡೆ ಬಂದರೂ ಹಾಡು ಕಡಿಯಬಾರದೆಂದು ಮೊದಲು ಕೆಲವು ಸೆಕೆಂಡುಗಳಷ್ಟು ಧ್ವನಿಯನ್ನು ತನ್ನ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ತುಂಬಿಕೊಂಡು, ಆಮೇಲೆ ನುಡಿಸಲು ಶುರುಮಾಡುತ್ತದೆ. ಎಷ್ಟು ತುಂಬಿಕೊಳ್ಳಬೇಕು ಎಂಬುದನ್ನು ಬ್ರೌಸರ್ ಒಂದು ರೀತಿ ತೀರ್ಮಾನಿಸಿದರೆ ವಿಎಲ್‌ಸಿ ಎಂಬ ಪ್ಲೇಯರ್ ಇನ್ನೊಂದು ರೀತಿ ತೀರ್ಮಾನಿಸುತ್ತದೆ. ಮೊಬೈಲ್ ಆ್ಯಪ್‌ಗಳು ಬಳಸುವ ಎಚ್‌ಎಲ್‌ಎಸ್ ಪದ್ಧತಿಯಲ್ಲಂತೂ ಧ್ವನಿಯನ್ನು ಹಲವು ಸೆಕೆಂಡುಗಳ ತುಂಡುಗಳನ್ನಾಗಿ ಕತ್ತರಿಸಿಯೇ ಕಳಿಸುವುದರಿಂದ, ಯಾವ ತುಂಡಿನಿಂದ ಆರಂಭಿಸಿದೆವು ಎಂಬುದರ ಮೇಲೆ ಅಂತರ ಇನ್ನಷ್ಟು ಹಿಗ್ಗುತ್ತದೆ. ಒಂದು ಕಂಪ್ಯೂಟರಿಗೆ ಪಕ್ಕದ ಕೋಣೆಯಲ್ಲಿ ಇನ್ನೊಂದು ಕಂಪ್ಯೂಟರು ಇದೆ ಎಂಬುದೇ ಗೊತ್ತಿಲ್ಲದಿರುವಾಗ ಅವೆರಡೂ ಹೊಂದಿಕೊಂಡು ನುಡಿಯಲಿ ಎಂದು ಬಯಸುವುದಾದರೂ ಹೇಗೆ?

ನಮ್ಮದು ವಿಜಯಪುರದ ಹಳೆಯ ಓಣಿಯೊಂದರಲ್ಲಿರುವ ಮನೆ. ಗೋಡೆಗಳು ಎರಡು ಅಡಿ ದಪ್ಪದ ಕರಿಕಲ್ಲಿನವು. ಪಡಸಾಲೆಯ ಮೇಲೆ ಇನ್ನೂ ಸಾಗುವಾನಿ ಜಂತಿಗಳಿವೆ. ಇಂಥ ಗೋಡೆ ಬೇಸಿಗೆಗೆ ವರವಾದರೂ ವೈ-ಫೈಗೆ ಶಾಪ. ಮನೆಯಲ್ಲಿದ್ದ ಸಾಮಾನು ಇಷ್ಟು: ಯಾರೂ ಮುಟ್ಟದೆ ಮೂಲೆಗೆ ಬಿದ್ದಿದ್ದ ಡೆಸ್ಕ್‌ಟಾಪ್, ಬ್ಯಾಟರಿ ಸತ್ತ ಲ್ಯಾಪ್‌ಟಾಪ್, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಒಂದು ಕಂಪ್ಯೂಟರು, ಮತ್ತು ಬೇರೆ ಬೇರೆ ಕಾಲದಲ್ಲಿ ಕೊಂಡ ಕಂಪ್ಯೂಟರ್ ಸ್ಪೀಕರುಗಳು. ಹೊಸದಾಗಿ ಏನನ್ನೂ ಕೊಳ್ಳದೆ ಇವುಗಳಿಂದಲೇ ಕೆಲಸ ಸಾಧಿಸಬೇಕು ಎಂಬುದು ಹಟ.

ಎಷ್ಟು ನಿಖರವಾಗಿ ಹೊಂದಿಸಬೇಕು ಎಂಬುದನ್ನು ಕಂಪ್ಯೂಟರನ್ನು ಮುಟ್ಟುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಇಲ್ಲಿ ಅಂತಿಮ ತೀರ್ಪು ಕೊಡುವುದು ಕಿವಿ. ಒಂದೇ ಶಬ್ದ ಎರಡು ಕಡೆಗಳಿಂದ ತುಸು ಹಿಂದೆಮುಂದೆ ಬಂದರೆ ಕಿವಿ ಅವುಗಳನ್ನು ಬೇರೆ ಬೇರೆಯಾಗಿ ಎಣಿಸದೆ, ಮೊದಲು ಬಂದ ದಿಕ್ಕಿನಿಂದಲೇ ಎಲ್ಲವೂ ಬಂದಿತೆಂದು ಒಟ್ಟುಗೂಡಿಸಿ ಕೇಳುತ್ತದೆ. ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಹೆಲ್ಮುಟ್ ಹಾಸ್ 1949ರ ತನ್ನ ಸಂಶೋಧನಾ ಪ್ರಬಂಧದಲ್ಲಿ ಇದನ್ನು ವಿವರವಾಗಿ ಪರೀಕ್ಷಿಸಿದ್ದರಿಂದ ಈ ಗುಣಕ್ಕೆ ಅವನ ಹೆಸರೇ ನಿಂತಿದೆ. ಮಾತಿನ ವಿಷಯದಲ್ಲಿ ಈ ಸಹನೆ ಸುಮಾರು 30ರಿಂದ 50 ಮಿಲಿಸೆಕೆಂಡುಗಳವರೆಗೆ ಇರುತ್ತದೆ. ಅದನ್ನು ದಾಟಿದರೆ ಎರಡನೆಯದು ಪ್ರತಿಧ್ವನಿಯಾಗಿ ಬೇರ್ಪಟ್ಟು ಕೇಳಿಸತೊಡಗುತ್ತದೆ. ಚಿಟಿಕೆಯಂಥ ಚುರುಕಾದ ಸದ್ದಿಗೆ ಮಿತಿ ಇನ್ನೂ ಬಿಗಿಯಾಗಿದ್ದು, ಐದು ಮಿಲಿಸೆಕೆಂಡುಗಳ ಆಸುಪಾಸಿನಲ್ಲಿಯೇ ಅದು ಒಡೆದು ಎರಡಾಗುತ್ತದೆ.

ಇದರ ಪರಿಣಾಮವನ್ನು ನಮ್ಮ ಕಡೆಯ ಸಂಗೀತದಲ್ಲಿ ಸ್ಪಷ್ಟವಾಗಿ ಕೇಳಬಹುದು. ಗಂಗೂಬಾಯಿ ಹಾನಗಲ್ ಅವರ ವಿಲಂಬಿತವನ್ನು ಎರಡು ಕೋಣೆಗಳಲ್ಲಿ 40 ಮಿಲಿಸೆಕೆಂಡು ಅಂತರದಲ್ಲಿ ನುಡಿಸಿದರೆ, ತಂಬೂರಿಯ ಗುಂಗಿನಲ್ಲಿ ಕಂಠದ ಎಳೆತ ಕರಗಿಹೋಗುವುದರಿಂದ ತಪ್ಪೇನೂ ತೋರುವುದಿಲ್ಲ. ಮನೆ ತುಸು ದೊಡ್ಡದಾದಂತೆ ಅನ್ನಿಸುತ್ತದೆ, ಅಷ್ಟೆ. ಆದರೆ ತಬಲಾದ ‘ತಿರಕಿಟ’ ಬಂದ ಕ್ಷಣ ಗುಟ್ಟು ರಟ್ಟಾಗುತ್ತದೆ. ಒಂದೊಂದು ಪೆಟ್ಟೂ ಎರಡೆರಡಾಗಿ, ದ್ರುತದಲ್ಲಿ ಪೆಟ್ಟುಗಳು ಒಂದರ ಮೇಲೊಂದು ಬಿದ್ದು, ತಾಳವೇ ಕೆಸರಾಗುತ್ತದೆ. ಆದ್ದರಿಂದ ಹೊಂದಾಣಿಕೆಯನ್ನು ಪರೀಕ್ಷಿಸಬೇಕೆನ್ನುವವರು ಆಲಾಪವನ್ನು ಬದಿಗಿಟ್ಟು ತಬಲಾ ಸೋಲೋ ಹಾಕಿಕೊಂಡು ಕೇಳಬೇಕು.

ಗಾಳಿಯಲ್ಲಿ ಶಬ್ದ ಚಲಿಸುವುದಕ್ಕೂ ಸಮಯ ಬೇಕು ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಗೋಲಗುಮ್ಮಟದೊಳಗೆ ಗುಮ್ಮಟದ ಅಡ್ಡಳತೆ ಸುಮಾರು 38 ಮೀಟರ್. ನಡುವೆ ನಿಂತು ತಟ್ಟಿದ ಚಪ್ಪಾಳೆ ಗೋಡೆಯನ್ನು ಮುಟ್ಟಿ ಮರಳಲು 110 ಮಿಲಿಸೆಕೆಂಡು ಹಿಡಿಯುತ್ತದೆ. ಕಿವಿಯ ಸಹನೆಯ ಎರಡು ಪಟ್ಟನ್ನೂ ಅದು ದಾಟಿರುವುದರಿಂದಲೇ ಅಲ್ಲಿ ದನಿ ಬಿಡಿಬಿಡಿಯಾಗಿ ಮರಳುತ್ತದೆ, ಗೈಡುಗಳು ‘ಏಳು ಸಲ’ ಎಂದು ಬೆರಳು ಮಡಚಿ ಎಣಿಸಿ ತೋರಿಸುತ್ತಾರೆ. ನಮ್ಮ ಮನೆಯಲ್ಲಿ ಪಡಸಾಲೆಯ ಸ್ಪೀಕರಿನಿಂದ ಅಡುಗೆಮನೆಯ ಒಲೆಯವರೆಗೆ ಹೆಚ್ಚೆಂದರೆ ಹತ್ತು ಮೀಟರ್, ಅಂದರೆ 29 ಮಿಲಿಸೆಕೆಂಡು. ಕಂಪ್ಯೂಟರುಗಳು ಒಂದು ಮಿಲಿಸೆಕೆಂಡೂ ತಪ್ಪದಂತೆ ಒಟ್ಟಿಗೆ ನುಡಿದರೂ ಅಡುಗೆಮನೆಯಲ್ಲಿ ನಿಂತವರಿಗೆ ಪಡಸಾಲೆಯ ದನಿ 29 ಮಿಲಿಸೆಕೆಂಡು ತಡವಾಗಿಯೇ ಮುಟ್ಟುತ್ತದೆ. ಕಿವಿ ಕೊಡುವ ರಿಯಾಯಿತಿಯ ದೊಡ್ಡ ಪಾಲನ್ನು ಗಾಳಿಯೇ ನುಂಗಿಹಾಕುವುದರಿಂದ ಕಂಪ್ಯೂಟರುಗಳ ಪಾಲಿಗೆ ಉಳಿಯುವುದು ಬಹಳ ಕಡಿಮೆ. ಬೇರೆ ಬೇರೆ ಕೋಣೆಗಳಿಗೆ ಐದು ಮಿಲಿಸೆಕೆಂಡಿನೊಳಗಿನ ಹೊಂದಾಣಿಕೆ ಸಾಕು ಎಂದು ನಾನು ಲೆಕ್ಕ ಹಾಕಿಕೊಂಡೆ. ಒಂದೇ ಕೋಣೆಯಲ್ಲಿ ಎರಡು ಕಂಪ್ಯೂಟರುಗಳನ್ನಿಟ್ಟು ಎಡದ ದನಿಯನ್ನು ಒಂದರಿಂದ, ಬಲದ ದನಿಯನ್ನು ಇನ್ನೊಂದರಿಂದ ಹೊರಡಿಸುವ ಆಸೆ ಯಾರಿಗಾದರೂ ಇದ್ದರೆ ಅದನ್ನು ಕೈಬಿಡುವುದೇ ಲೇಸು: ನಮ್ಮ ಎರಡು ಕಿವಿಗಳ ನಡುವೆ ಶಬ್ದಕ್ಕೆ ಸಿಗುವ ಗರಿಷ್ಠ ಅಂತರವೇ ಮುಕ್ಕಾಲು ಮಿಲಿಸೆಕೆಂಡಿಗಿಂತ ಕಡಿಮೆ, ಅದರೊಳಗಿನ ಸಣ್ಣ ಏರುಪೇರೂ ಹಾಡುವವರನ್ನು ಎಡಕ್ಕೋ ಬಲಕ್ಕೋ ಸರಿಸಿಬಿಡುತ್ತದೆ.

ಇನ್ನು ಗಡಿಯಾರದ ಮಾತು. ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಫೈಲನ್ನು ಇಟ್ಟು, ‘ಆರು ಗಂಟೆಗೆ ಸರಿಯಾಗಿ ಶುರುಮಾಡಿ’ ಎಂದು ಹೇಳಿದರೆ ಮುಗಿಯಲಿಲ್ಲವೇ ಎಂದು ಕೇಳಬಹುದು. ಮುಗಿಯುವುದಿಲ್ಲ. ಸೌಂಡ್ ಕಾರ್ಡು ಸೆಕೆಂಡಿಗೆ 48,000 ಸ್ಯಾಂಪಲುಗಳನ್ನು (ಧ್ವನಿಯ ಬಿಡಿ ಅಳತೆಗಳನ್ನು) ಹೊರಹಾಕುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ, ಆ ಸೆಕೆಂಡನ್ನು ಅಳೆಯುವುದು ಕಾರ್ಡಿನ ಮೇಲೆ ಬೆಸೆದಿರುವ ಒಂದು ಕ್ವಾರ್ಟ್ಜ್ ಹರಳು. ಅಗ್ಗದ ಹರಳುಗಳು ಹತ್ತು ಲಕ್ಷಕ್ಕೆ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ಐವತ್ತು ಭಾಗಗಳಷ್ಟು ಹೆಚ್ಚುಕಡಿಮೆ ಓಡುತ್ತವೆ. ಒಂದು ಕಾರ್ಡು ಹತ್ತು ಲಕ್ಷಕ್ಕೆ 30 ಭಾಗ ಮುಂದೆ, ಇನ್ನೊಂದು 20 ಭಾಗ ಹಿಂದೆ ಓಡುತ್ತಿವೆ ಎಂದುಕೊಳ್ಳೋಣ. ಒಟ್ಟು ವ್ಯತ್ಯಾಸ ಸೆಕೆಂಡಿಗೆ 0.05 ಮಿಲಿಸೆಕೆಂಡು, ಕೇಳಲು ಏನೂ ಅಲ್ಲ. ಆದರೆ ಒಂದು ನಿಮಿಷಕ್ಕೆ ಅದು 3 ಮಿಲಿಸೆಕೆಂಡಾಗುತ್ತದೆ, ಹತ್ತು ನಿಮಿಷಕ್ಕೆ 30, ಒಂದು ಗಂಟೆಗೆ 180. ಸರಿಯಾಗಿ ಒಟ್ಟಿಗೇ ಶುರುವಾದ ಎರಡು ಕಂಪ್ಯೂಟರುಗಳು ಒಂದು ಖ್ಯಾಲ್ ಮುಗಿಯುವುದರೊಳಗೆ ಬೇರೆಬೇರೆ ದಾರಿ ಹಿಡಿದಿರುತ್ತವೆ. ಹರಳಿನ ಓಟ ಶಾಖವನ್ನೂ ಅವಲಂಬಿಸಿರುವುದರಿಂದ, ಮಾಳಿಗೆಯ ಕೋಣೆಯಲ್ಲಿರುವ ಪೈ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ನಡೆಯುವ ನಡಿಗೆ ಬೇರೆ, ಬೆಳಗಿನ ಜಾವದಲ್ಲಿ ನಡೆಯುವ ನಡಿಗೆ ಬೇರೆ. ಹೀಗಾಗಿ ಒಮ್ಮೆ ಅಳೆದು, ತಿದ್ದಿ, ಕೈತೊಳೆದುಕೊಳ್ಳಲು ಬರುವುದಿಲ್ಲ. ಭಜನೆಯಲ್ಲಿ ತಾಳ ಹಾಕುವವರು ದಮ್ಮಡಿ ಹಿಡಿದವನ ಕಡೆ ಒಂದು ಕಿವಿ ಇಟ್ಟುಕೊಂಡು ಪ್ರತಿ ಆವರ್ತಕ್ಕೂ ತಮ್ಮನ್ನು ತಾವು ಹೇಗೆ ಸರಿಪಡಿಸಿಕೊಳ್ಳುತ್ತಾರೋ, ಇಲ್ಲಿಯೂ ಹಾಡು ಮುಗಿಯುವವರೆಗೆ ಆ ತಿದ್ದುಪಡಿ ನಡೆಯುತ್ತಲೇ ಇರಬೇಕು.

ತಿದ್ದುವ ಕೆಲಸ ಕಷ್ಟದ್ದಲ್ಲ. ಮುಂದೆ ಹೋದವನು ಅಲ್ಲೊಂದು ಇಲ್ಲೊಂದು ಸ್ಯಾಂಪಲ್ಲನ್ನು ಹೆಚ್ಚಾಗಿ ಸೇರಿಸಿಕೊಂಡರೆ, ಹಿಂದೆ ಬಿದ್ದವನು ಒಂದೊಂದನ್ನು ಬಿಟ್ಟುಬಿಟ್ಟರೆ ಸಾಕು. ಮೇಲಿನ ಲೆಕ್ಕದ ಪ್ರಕಾರ 48,000ದಲ್ಲಿ ಸೆಕೆಂಡಿಗೆ ಎರಡೋ ಮೂರೋ ಸ್ಯಾಂಪಲ್ಲಿನ ವಿಷಯ. ಇದರಿಂದ ಶ್ರುತಿ ಕೆಡುವುದಿಲ್ಲವೇ ಎಂದು ಹಾರ್ಮೋನಿಯಂ ನುಡಿಸುವ ನಮ್ಮ ಕಾಕಾ ಕೇಳಿದರು. ಒಂದು ಸ್ವರಸ್ಥಾನಕ್ಕೂ ಅದರ ಮುಂದಿನದಕ್ಕೂ ಇರುವ ಅಂತರವನ್ನು ನೂರು ಸೆಂಟ್ ಎಂದು ಎಣಿಸುವುದು ವಾಡಿಕೆ; ಇಲ್ಲಿ ಆಗುವ ಬದಲಾವಣೆ ಒಂದು ಸೆಂಟಿನ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಅವರ ಹಾರ್ಮೋನಿಯಂ ಅದಕ್ಕಿಂತ ಎಷ್ಟೋ ಹೆಚ್ಚು ಶ್ರುತಿ ತಪ್ಪಿದೆ, ಆದರೆ ಅದನ್ನು ನಾನು ಅವರಿಗೆ ಹೇಳಲು ಹೋಗಲಿಲ್ಲ.

ಕಷ್ಟವಿರುವುದು, ಎಷ್ಟು ಮುಂದೆ ಅಥವಾ ಹಿಂದೆ ಇದ್ದೇವೆ ಎಂಬುದನ್ನು ತಿಳಿಯುವುದರಲ್ಲಿ. ಎರಡು ಯಂತ್ರಗಳ ನಡುವೆ ಇರುವುದು ತಡಮಾಡುವ ತಂತಿ ಅಥವಾ ಅದಕ್ಕಿಂತ ಹೆಚ್ಚು ತಡಮಾಡುವ ವೈ-ಫೈ. ‘ಈಗ ಎಷ್ಟು ಗಂಟೆ’ ಎಂಬ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಆ ಉತ್ತರ ಹಳತಾಗಿರುತ್ತದೆ. ಇದಕ್ಕೆ ಇರುವ ಉಪಾಯ ಹಳೆಯದು. ಡೇವಿಡ್ ಮಿಲ್ಸ್ ರೂಪಿಸಿ 1985ರಲ್ಲಿ ಬರಹಕ್ಕಿಳಿಸಿದ ಎನ್‌ಟಿಪಿ ಇಂದಿಗೂ ಲೋಕದ ಕಂಪ್ಯೂಟರುಗಳ ಗಡಿಯಾರವನ್ನು ತಿದ್ದುವುದು ಹೀಗೆಯೇ. ಅಡುಗೆಮನೆಯ ಲ್ಯಾಪ್‌ಟಾಪ್ ತನ್ನ ಗಡಿಯಾರದಲ್ಲಿ 100 ಮಿಲಿಸೆಕೆಂಡು ಆಗಿದ್ದಾಗ ಪ್ರಶ್ನೆ ಕಳಿಸಿತು. ಸರ್ವರ್, ಅಂದರೆ ಎಲ್ಲರಿಗೂ ಧ್ವನಿ ಹಂಚುವ ಪಡಸಾಲೆಯ ಡೆಸ್ಕ್‌ಟಾಪ್, ಅದನ್ನು ತನ್ನ ಗಡಿಯಾರದ 153ಕ್ಕೆ ಪಡೆದು 154ಕ್ಕೆ ಉತ್ತರ ಕೊಟ್ಟಿತು. ಆ ಉತ್ತರ ಲ್ಯಾಪ್‌ಟಾಪಿಗೆ ಮುಟ್ಟಿದಾಗ ಅದರ ಗಡಿಯಾರದಲ್ಲಿ 107. ಹೋಗುವಾಗಿನ ಅಂತರ 53, ಬರುವಾಗಿನ ಅಂತರ 47. ಅವುಗಳ ಸರಾಸರಿ 50. ಸರ್ವರಿನ ಗಡಿಯಾರ 50 ಮಿಲಿಸೆಕೆಂಡು ಮುಂದಿದೆ, ಹೋಗಿಬರುವ ದಾರಿಗೆ ಒಟ್ಟು 6 ಮಿಲಿಸೆಕೆಂಡು ಹಿಡಿದಿದೆ ಎಂಬ ಎರಡೂ ಸಂಗತಿಗಳು ಈ ನಾಲ್ಕು ಅಂಕಿಗಳಿಂದಲೇ ಹೊರಬೀಳುತ್ತವೆ.

ಇದರಲ್ಲಿ ಒಂದು ನಂಬಿಕೆ ಅಡಗಿದೆ: ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಮಯ ಹಿಡಿದಿದೆ ಎಂಬ ನಂಬಿಕೆ. ಹೋಗಲು 5, ಬರಲು 1 ಮಿಲಿಸೆಕೆಂಡು ಹಿಡಿದಿದ್ದರೆ ಲೆಕ್ಕ 2 ಮಿಲಿಸೆಕೆಂಡು ತಪ್ಪುತ್ತದೆ, ಮತ್ತು ಆ ತಪ್ಪನ್ನು ಈ ಅಂಕಿಗಳಿಂದ ಪತ್ತೆಹಚ್ಚಲು ಸಾಧ್ಯವೇ ಇಲ್ಲ. ಯಾರೋ ಮೊಬೈಲಿನಲ್ಲಿ ವಿಡಿಯೋ ನೋಡುತ್ತಿರುವಾಗ ವೈ-ಫೈಯಲ್ಲಿ ಇಂಥ ಏರುಪೇರು ಆಗುತ್ತಲೇ ಇರುತ್ತದೆ. ಅದಕ್ಕಾಗಿ ಒಂದೇ ಅಳತೆಯನ್ನು ನೆಚ್ಚದೆ ಮೇಲಿಂದ ಮೇಲೆ ಅಳೆದು, ವಿಪರೀತವಾದವುಗಳನ್ನು ಬಿಟ್ಟು ನಡುವಿನ ಬೆಲೆಯನ್ನು ಹಿಡಿಯುತ್ತಾರೆ. ಸ್ಟುಡಿಯೋಗಳಲ್ಲಿ ಬಳಸುವ ಡಾಂಟೆಯಂಥ ವ್ಯವಸ್ಥೆಗಳು ಪಿಟಿಪಿ ಎಂಬ ಇನ್ನೂ ನಿಖರವಾದ ಕ್ರಮದ ಮೇಲೆ ನಿಂತಿವೆ, ಅಲ್ಲಿ ಲೆಕ್ಕ ಮೈಕ್ರೊಸೆಕೆಂಡುಗಳಲ್ಲಿ ನಡೆಯುತ್ತದೆ. ಮನೆಯ ಹಾಡಿಗೆ ಅಷ್ಟೊಂದು ಬೇಕಿಲ್ಲ.

ಗಡಿಯಾರಗಳು ಒಪ್ಪಂದಕ್ಕೆ ಬಂದ ಮೇಲೆ ಉಳಿಯುವುದು ಬಹಳ ಸರಳವಾದ, ಆದರೆ ಮೊದಲು ಕೇಳಿದವರಿಗೆ ಉಲ್ಟಾ ಅನ್ನಿಸುವ ಒಂದು ನಿಯಮ: ಎಲ್ಲರೂ ಬೇಕೆಂದೇ ತಡಮಾಡಬೇಕು. ಸರ್ವರು ಧ್ವನಿಯ ಪ್ರತಿ ತುಣುಕಿನ ಮೇಲೂ ತನ್ನ ಗಡಿಯಾರದ ಮುದ್ರೆ ಒತ್ತಿ ಕಳಿಸುತ್ತದೆ. ಪಡೆದವರು ಅದನ್ನು ತಕ್ಷಣ ನುಡಿಸದೆ, ಮುದ್ರೆಯ ಸಮಯಕ್ಕೆ ಸರಿಯಾಗಿ ಒಂದು ಸೆಕೆಂಡು ಕೂಡಿಸಿದ ಗಳಿಗೆಗೆ ನುಡಿಸುತ್ತಾರೆ. ಆ ಒಂದು ಸೆಕೆಂಡಿನೊಳಗೆ ತುಣುಕು ಬೇಗ ಬಂದಿತೋ ತಡವಾಗಿ ಬಂದಿತೋ, ದಾರಿಯಲ್ಲಿ ಕಳೆದು ಎರಡನೆಯ ಸಲ ಕಳಿಸಬೇಕಾಯಿತೋ, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ವೇಗದ ನೆಟ್‌ವರ್ಕ್ ಬೇಕಿಲ್ಲ ಎಂದು ಆಗಲೇ ಹೇಳಿದ್ದು ಇದೇ ಅರ್ಥದಲ್ಲಿ. ನಿಧಾನವಾದರೂ ಪರವಾಗಿಲ್ಲ, ಗಡುವಿನೊಳಗೆ ಮುಟ್ಟಿದರೆ ಆಯಿತು.

ನಾನು ಮೊದಲು ಪ್ರಯೋಗಿಸಿದ್ದು ಲಿನಕ್ಸಿನ ಧ್ವನಿ ವ್ಯವಸ್ಥೆಯಾದ ಪಲ್ಸ್‌ಆಡಿಯೋದಲ್ಲಿಯೇ ಇರುವ, ನೆಟ್‌ವರ್ಕಿನ ಮೇಲೆ ಧ್ವನಿ ಕಳಿಸುವ ಆರ್‌ಟಿಪಿ ಮಾಡ್ಯೂಲನ್ನು. ಅದು ಧ್ವನಿಯನ್ನು 224.0.0.56 ಎಂಬ ಮಲ್ಟಿಕಾಸ್ಟ್ ವಿಳಾಸಕ್ಕೆ ಸುರಿಯುತ್ತದೆ. ಬೇಕಾದ ಕಂಪ್ಯೂಟರುಗಳೆಲ್ಲ ಅದನ್ನೇ ಕೇಳಿಸಿಕೊಳ್ಳಬಹುದು. ತಂತಿಯ ಮೇಲೆ ಇದು ಚೆನ್ನಾಗಿಯೇ ನಡೆಯುತ್ತದೆ. ವೈ-ಫೈಗೆ ಹಾಕಿದ ಕೂಡಲೇ ಹಾಡು ಚೂರುಚೂರಾಗುವುದಷ್ಟೇ ಅಲ್ಲ, ಮನೆಯವರೆಲ್ಲರ ಮೊಬೈಲುಗಳೂ ತಟಸ್ಥವಾಗುತ್ತವೆ. ಇದರ ಕಾರಣ ತಿಳಿದುಕೊಳ್ಳುವಂಥದ್ದು. ಒಬ್ಬರಿಗೇ ಕಳಿಸುವ ಪ್ಯಾಕೆಟ್ಟನ್ನು (ಮಾಹಿತಿಯ ಕಟ್ಟನ್ನು) ರೂಟರು ಆ ಸಾಧನದ ಶಕ್ತಿಗೆ ತಕ್ಕ ಅತಿ ಹೆಚ್ಚಿನ ವೇಗದಲ್ಲಿ ಕಳಿಸಿ, ಮುಟ್ಟಿತೆಂಬ ರಸೀದಿಯನ್ನೂ ಪಡೆಯುತ್ತದೆ. ರಸೀದಿ ಬಾರದಿದ್ದರೆ ಮತ್ತೆ ಕಳಿಸುತ್ತದೆ. ಎಲ್ಲರಿಗೂ ಒಟ್ಟಿಗೆ ಕಳಿಸುವ ಮಲ್ಟಿಕಾಸ್ಟ್ ಪ್ಯಾಕೆಟ್ಟಿಗೆ ರಸೀದಿ ಇಲ್ಲ, ಮರುರವಾನೆ ಇಲ್ಲ, ಮತ್ತು ಅತ್ಯಂತ ದುರ್ಬಲ ಸಾಧನಕ್ಕೂ ಕೇಳಿಸಲಿ ಎಂದು ಅದನ್ನು ಕನಿಷ್ಠ ವೇಗದಲ್ಲಿ ಕಳಿಸಲಾಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಆ ಕನಿಷ್ಠ ವೇಗ ಎಷ್ಟೋ ರೂಟರುಗಳಲ್ಲಿ ಸೆಕೆಂಡಿಗೆ 1 ಮೆಗಾಬಿಟ್. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಗೆ ಬೇಕಾದದ್ದು 1.4 ಮೆಗಾಬಿಟ್. ಒಂದು ಮೆಗಾಬಿಟ್ಟಿನ ದಾರಿಯಲ್ಲಿ ಅಷ್ಟು ಸರಕು ಹಿಡಿಯುವುದೇ ಇಲ್ಲವಾದ್ದರಿಂದ ಆ ಚಾನೆಲ್ಲಿನಲ್ಲಿ ಬೇರೆ ಯಾರಿಗೂ ಬಾಯಿ ತೆರೆಯಲು ಅವಕಾಶ ಸಿಗುವುದಿಲ್ಲ. ರೂಟರಿನ ಮೇಲಿನ ದೀಪ ಮಾತ್ರ ಉತ್ಸಾಹದಿಂದ ಮಿನುಗುತ್ತಿರುತ್ತದೆ.

ಈಗ ನೆಲೆನಿಂತಿರುವುದು ಸ್ನ್ಯಾಪ್‌ಕಾಸ್ಟ್ ಎಂಬ ಮುಕ್ತ ತಂತ್ರಾಂಶ. ಇದು ಸ್ವತಃ ಪ್ಲೇಯರ್ ಅಲ್ಲ. ಪಡಸಾಲೆಯ ಡೆಸ್ಕ್‌ಟಾಪಿನಲ್ಲಿ ಎಂಪಿಡಿ ಎಂಬ ಪ್ಲೇಯರ್ ಹಾಡುಗಳನ್ನೂ ರೇಡಿಯೋವನ್ನೂ ನುಡಿಸುತ್ತದೆ, ಆದರೆ ಅದರ ಧ್ವನಿ ಸೌಂಡ್ ಕಾರ್ಡಿಗೆ ಹೋಗದೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುವ ಒಂದು ಪೈಪಿಗೆ ಹೋಗಿ ಬೀಳುತ್ತದೆ. ಅದರ ಇನ್ನೊಂದು ತುದಿಯಲ್ಲಿ ಕುಳಿತ ಸ್ನ್ಯಾಪ್‌ಸರ್ವರ್ ಅದನ್ನು 20 ಮಿಲಿಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಏನೂ ನಷ್ಟವಾಗದ ಫ್ಲ್ಯಾಕ್ ರೂಪಕ್ಕೆ ಅಡಕಗೊಳಿಸಿ, ಸಮಯದ ಮುದ್ರೆಯೊಂದಿಗೆ ಪ್ರತಿಯೊಂದು ಕ್ಲೈಂಟಿಗೂ (ಧ್ವನಿ ಪಡೆದು ನುಡಿಸುವ ತಂತ್ರಾಂಶಕ್ಕೂ) ಬೇರೆಬೇರೆಯಾಗಿ, ಮುಟ್ಟಿದ್ದನ್ನು ಖಚಿತಪಡಿಸಿಕೊಳ್ಳುವ ಟಿಸಿಪಿ ಮೂಲಕ ಕಳಿಸುತ್ತದೆ. ಒಂದೇ ಧ್ವನಿಯನ್ನು ಮೂರು ಸಲ ಕಳಿಸುವುದು ದುಂದು ಎಂದು ತೋರಬಹುದು. ಆದರೆ ಮೂರೂ ಸೇರಿ ಮೂರು ಮೆಗಾಬಿಟ್ ದಾಟುವುದು ಅಪರೂಪ, ಪ್ರತಿ ಪ್ಯಾಕೆಟ್ಟಿಗೂ ರಸೀದಿ ಇರುತ್ತದೆ, ಮತ್ತು ಮೊಬೈಲುಗಳು ಹಾಯಾಗಿರುತ್ತವೆ. ಪಡಸಾಲೆಯ ಸ್ಪೀಕರಿಗೂ ನೇರವಾಗಿ ಧ್ವನಿ ಕೊಡುವಂತಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು: ಸರ್ವರ್ ಇರುವ ಕಂಪ್ಯೂಟರಿನಲ್ಲಿಯೂ ಒಂದು ಕ್ಲೈಂಟ್ ಓಡಬೇಕು, ಅದೂ ಉಳಿದವರಂತೆ ಒಂದು ಸೆಕೆಂಡು ಕಾಯಬೇಕು. ಕೋಣೆಕೋಣೆಯ ಸದ್ದನ್ನು ಹೆಚ್ಚುಕಡಿಮೆ ಮಾಡಲು ಮೊಬೈಲಿನ ಬ್ರೌಸರಿನಲ್ಲಿ ಸರ್ವರಿನ ವಿಳಾಸದ 1780ನೆಯ ಪೋರ್ಟನ್ನು ತೆರೆದರೆ ಸಾಕು.

ಅಡುಗೆಮನೆಯ ಲ್ಯಾಪ್‌ಟಾಪಿಗೆ ಕೊನೆಗೆ ಲ್ಯಾನ್ ಕೇಬಲ್ಲನ್ನೇ ಎಳೆದೆವು. ಕರಿಕಲ್ಲಿನ ಗೋಡೆಗೆ ಡ್ರಿಲ್ ಹಿಡಿಸುವ ಧೈರ್ಯ ಎಲೆಕ್ಟ್ರಿಷಿಯನ್‌ಗೂ ಇರಲಿಲ್ಲವಾದ್ದರಿಂದ ಕೇಬಲ್ಲು ಜಂತಿಯ ಗುಂಟ ಹೋಗಿ ಬೆಳಕಿಂಡಿಯಿಂದ ಆಚೆ ಇಳಿಯುತ್ತದೆ. ಮಾಳಿಗೆಯ ಪೈ ಮಾತ್ರ ವೈ-ಫೈ ಮೇಲೆಯೇ ಇದೆ; ಅದರ ವೈ-ಫೈಯ ವಿದ್ಯುತ್ ಉಳಿತಾಯದ ಏರ್ಪಾಟನ್ನು ಬಂದ್ ಮಾಡಿದ ಮೇಲೆ ಗಡಿಯಾರದ ಅಳತೆಗಳು ಗಣನೀಯವಾಗಿ ಸ್ಥಿರವಾದವು.

ಎಲ್ಲ ಹೊಂದಿದೆ ಎಂದು ತಂತ್ರಾಂಶ ಹೇಳುವುದನ್ನು ನಂಬದೆ ಅಳೆದು ನೋಡುವುದು ಅಗತ್ಯ, ಏಕೆಂದರೆ ಸೌಂಡ್ ಕಾರ್ಡಿಗೆ ಧ್ವನಿ ಒಪ್ಪಿಸಿದ ಮೇಲೆ ಸ್ಪೀಕರಿನ ಪರದೆ ಅಲುಗುವವರೆಗೆ ಏನು ನಡೆಯುತ್ತದೆ ಎಂಬುದು ತಂತ್ರಾಂಶಕ್ಕೆ ಪೂರ್ತಿ ಕಾಣುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ಮೊಬೈಲ್, ಒಂದು ಅಳತೆಯ ಟೇಪು, ಮತ್ತು ಉಚಿತವಾಗಿ ಸಿಗುವ ಧ್ವನಿ ಸಂಪಾದನೆಯ ತಂತ್ರಾಂಶ ಆಡಾಸಿಟಿ. ಎರಡು ಸೆಕೆಂಡಿಗೊಮ್ಮೆ ಟಕ್ ಎನ್ನುವ ಒಂದು ಫೈಲನ್ನು ಆಡಾಸಿಟಿಯಲ್ಲಿಯೇ ತಯಾರಿಸಿ ಎಂಪಿಡಿಗೆ ಕೊಡಬೇಕು. ಪಡಸಾಲೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲಿನ ಬಳಿ, ಎರಡೂ ಸ್ಪೀಕರುಗಳಿಂದ ಸಮಾನ ದೂರದಲ್ಲಿ ಮೊಬೈಲನ್ನಿಟ್ಟು ರೆಕಾರ್ಡ್ ಮಾಡಬೇಕು. ಟೇಪು ಒಂದು ಗೇಣು ಆಚೀಚೆಯಾದರೂ ಚಿಂತಿಲ್ಲ, ಅದರ ತಪ್ಪು ಮುಕ್ಕಾಲು ಮಿಲಿಸೆಕೆಂಡನ್ನೂ ಮುಟ್ಟುವುದಿಲ್ಲ. ಒಂದು ಸ್ಪೀಕರಿನ ಸದ್ದನ್ನು ಅರ್ಧಕ್ಕೆ ಇಳಿಸಿಟ್ಟರೆ ಯಾವ ಟಕ್ ಯಾರದು ಎಂದು ಗುರುತಿಸುವುದು ಸುಲಭ.

ಆ ರೆಕಾರ್ಡಿಂಗನ್ನು ತೆರೆದು ಹಿಗ್ಗಿಸುತ್ತ ಹೋದರೆ, ಕಿವಿಗೆ ಒಂದೇ ಆಗಿ ಕೇಳಿದ ಟಕ್ ಎರಡು ಕೋಡುಗಳಾಗಿ ಬೇರ್ಪಡುತ್ತದೆ. ಇನ್ನಷ್ಟು ಹಿಗ್ಗಿಸಿದರೆ ಒಂದೊಂದು ಸ್ಯಾಂಪಲೂ ದಾರಕ್ಕೆ ಪೋಣಿಸಿದ ಚುಕ್ಕೆಯಾಗಿ ಕಾಣುತ್ತದೆ. ಎತ್ತರದ ಕೋಡಿನ ನಂತರ ಗೋಡೆಗೆ ಬಡಿದು ಬಂದ ಸಣ್ಣಪುಟ್ಟ ನಡುಕಗಳು ಬಹಳ ಇರುತ್ತವೆ, ಕೆಲವೊಮ್ಮೆ ಅವು ಮೂಲಕ್ಕಿಂತ ದೊಡ್ಡದಾಗಿಯೂ ಇರುತ್ತವೆ; ಆದ್ದರಿಂದ ಅತಿ ಎತ್ತರದ ಬಿಂದುವನ್ನು ಹಿಡಿಯದೆ, ಸಪಾಟಾದ ಗೆರೆ ಮೊದಲು ತಲೆಯೆತ್ತಿದ ಜಾಗವನ್ನು ಹಿಡಿದು ಅಳೆಯಬೇಕು. ನಮ್ಮಲ್ಲಿ ಎರಡು ಕೋಡುಗಳ ನಡುವೆ 1,104 ಸ್ಯಾಂಪಲುಗಳ ಅಂತರ ಬಂದಿತು. ಅದನ್ನು 48ರಿಂದ ಭಾಗಿಸಿದರೆ 23 ಮಿಲಿಸೆಕೆಂಡು, ತಡವಾದದ್ದು ಲ್ಯಾಪ್‌ಟಾಪ್. ಸ್ನ್ಯಾಪ್‌ಕಾಸ್ಟಿನಲ್ಲಿ ಪ್ರತಿ ಕ್ಲೈಂಟಿಗೂ ಇರುವ ಲೇಟೆನ್ಸಿ (ತಡ) ಎಂಬ ಜಾಗದಲ್ಲಿ 23 ಎಂದು ತುಂಬಿದ ಮೇಲೆ ಎರಡು ಕೋಡುಗಳು ಒಂದರೊಳಗೊಂದು ಸೇರಿಕೊಂಡವು. ಮುಖ್ಯವಾದದ್ದು ಇದಾದ ಮೇಲಿನ ಪರೀಕ್ಷೆ: ಅದೇ ಫೈಲನ್ನು ಒಂದು ಗಂಟೆ ಓಡಲು ಬಿಟ್ಟು ಮತ್ತೆ ರೆಕಾರ್ಡ್ ಮಾಡಿದಾಗಲೂ ಅವು ಹಾಗೆಯೇ ಇದ್ದರೆ ಮಾತ್ರ ಹರಳುಗಳ ಓಟವನ್ನು ತಂತ್ರಾಂಶ ನಿಜವಾಗಿ ತಿದ್ದುತ್ತಿದೆ ಎಂದರ್ಥ. ಅವು ಹಾಗೆಯೇ ಇದ್ದವು.

ಬ್ಲೂಟೂತ್ ಸ್ಪೀಕರುಗಳ ವಿಷಯದಲ್ಲಿ ಮಾತ್ರ ನನಗೆ ಯಾವ ಭರವಸೆಯೂ ಉಳಿದಿಲ್ಲ. ಅವು ಧ್ವನಿಯನ್ನು ಮತ್ತೊಮ್ಮೆ ಅಡಕಗೊಳಿಸಿ, ತಮ್ಮದೇ ಬಫರಿನಲ್ಲಿ ತುಂಬಿಕೊಂಡು, 150ರಿಂದ 250 ಮಿಲಿಸೆಕೆಂಡು ತಡವಾಗಿ ನುಡಿಸುತ್ತವೆ. ತಡವಾಗುವುದು ದೋಷವಲ್ಲ, ಅಷ್ಟನ್ನು ಲೇಟೆನ್ಸಿಯಲ್ಲಿ ತುಂಬಿ ಸರಿದೂಗಿಸಬಹುದು. ಆದರೆ ಇಂದು ಜೋಡಿಸಿದಾಗ ಇದ್ದ ತಡ ನಾಳೆ ಜೋಡಿಸಿದಾಗ ಇರುತ್ತದೆಂಬ ಖಾತ್ರಿ ಇಲ್ಲ. ಎಚ್‌ಡಿಎಂಐ ಮೂಲಕ ಟಿವಿಗೆ ಧ್ವನಿ ಕೊಟ್ಟರೂ ಟಿವಿ ಒಳಗೊಳಗೇ ಏನೇನೋ ಸಂಸ್ಕಾರ ಮಾಡಿ ತಡಮಾಡುತ್ತದೆ, ಆದರೆ ಆ ತಡ ಸ್ಥಿರವಾಗಿರುವುದರಿಂದ ಸಹಿಸಿಕೊಳ್ಳಬಹುದು. ಮಾಳಿಗೆಯಲ್ಲಿ ಪೈಗೆ ಒಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಸಿಕ್ಕಿಸಿ ತಂತಿಯ ಸ್ಪೀಕರನ್ನೇ ಇಟ್ಟಿದ್ದೇವೆ. ಏನನ್ನೂ ಕೊಳ್ಳುವುದಿಲ್ಲ ಎಂಬ ಹಟ ಮುರಿದದ್ದು ಇಂಥ ಸಣ್ಣಪುಟ್ಟ ಸಾಮಾನಿಗಷ್ಟೇ.

ಕರೆಂಟು ಹೋಗುವ ಊರುಗಳಲ್ಲಿರುವವರು ಇನ್ನೊಂದನ್ನು ಯೋಚಿಸಬೇಕು. ನಮ್ಮಲ್ಲಿ ರೂಟರೂ ಸರ್ವರೂ ಇನ್ವರ್ಟರಿನ ಮೇಲಿವೆ, ಮಾಳಿಗೆಯ ಕೋಣೆಗೆ ಆ ಸೌಲಭ್ಯ ಇಲ್ಲ. ಕರೆಂಟು ಮರಳಿದಾಗ ಪೈ ಎದ್ದು ಕೂರುತ್ತದೆ, ಆದರೆ ಅದರಲ್ಲಿ ಬ್ಯಾಟರಿಯ ಗಡಿಯಾರ ಇಲ್ಲದಿರುವುದರಿಂದ ಎನ್‌ಟಿಪಿ ಸಿಗುವವರೆಗೆ ಅದು ಆರಿಹೋದ ಹೊತ್ತನ್ನೇ ಈಗಿನ ಹೊತ್ತೆಂದು ನಂಬಿರುತ್ತದೆ. ಸ್ನ್ಯಾಪ್‌ಕಾಸ್ಟಿನ ಕ್ಲೈಂಟಿಗೆ ಇದರಿಂದ ತೊಂದರೆಯಿಲ್ಲ: ಅದಕ್ಕೆ ಬೇಕಾದದ್ದು ದಿನಾಂಕವಲ್ಲ, ಸರ್ವರಿಗೂ ತನಗೂ ಇರುವ ಅಂತರ ಮಾತ್ರ. ಪೈಯನ್ನೇ ಸರ್ವರ್ ಮಾಡಿಕೊಂಡವರಿಗೆ ಮಾತ್ರ ಪೇಚಾಟ, ಏಕೆಂದರೆ ದಿನಾಂಕ ತೀರಾ ಹಿಂದೆ ಉಳಿದಿದ್ದರೆ ರೇಡಿಯೋ ನಿಲಯಗಳ ಸುರಕ್ಷಾ ಪ್ರಮಾಣಪತ್ರಗಳು ಇನ್ನೂ ಜಾರಿಗೇ ಬಂದಿಲ್ಲವೆಂದು ಅದು ಸಂಪರ್ಕವನ್ನೇ ನಿರಾಕರಿಸಬಹುದು. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸಿದ್ದು ಈ ಇಡೀ ಏರ್ಪಾಟಿನಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಉಪಯುಕ್ತವಾದ ರಿಪೇರಿ.

ಐಫೋನ್ ಇರುವ ಮನೆಗಳಿಗೆ ಧ್ವನಿಯನ್ನು ವೈ-ಫೈ ಮೂಲಕ ಸ್ಪೀಕರುಗಳಿಗೆ ಕಳಿಸುವ ಆ್ಯಪಲ್ ಕಂಪನಿಯ ಏರ್‌ಪ್ಲೇ ಹೆಚ್ಚು ಹಗುರವಾದ ದಾರಿ. 2004ರಲ್ಲಿ ಏರ್‌ಟ್ಯೂನ್ಸ್ ಎಂಬ ಹೆಸರಿನಲ್ಲಿ ಶುರುವಾದ ಆ ಪದ್ಧತಿಯನ್ನು ಲಿನಕ್ಸಿನಲ್ಲಿ ಶೇರ್‌ಪೋರ್ಟ್ ಸಿಂಕ್ ಎಂಬ ತಂತ್ರಾಂಶದಿಂದ ಬಳಸಬಹುದು. ಸ್ಲಿಮ್ ಡಿವೈಸಸ್ ಎಂಬ ಸಣ್ಣ ಕಂಪನಿ ಆರಂಭಿಸಿದ, 2006ರಲ್ಲಿ ಲಾಜಿಟೆಕ್ ಕೊಂಡುಕೊಂಡ ಸ್ಕ್ವೀಜ್‌ಬಾಕ್ಸ್ ಎಂಬ ಹಾಡು ನುಡಿಸುವ ಯಂತ್ರಗಳು 2012ರಲ್ಲಿ ನಿಂತುಹೋದರೂ ಅದರ ಸರ್ವರ್ ತಂತ್ರಾಂಶ ಲಿರಿಯಾನ್ ಎಂಬ ಹೆಸರಿನಲ್ಲಿ ಇಂದಿಗೂ ಬದುಕಿದೆ. ಹಾಡುಗಳ ದೊಡ್ಡ ಸಂಗ್ರಹವಿರುವವರಿಗೆ ಅದು ಬಹುಶಃ ಸ್ನ್ಯಾಪ್‌ಕಾಸ್ಟಿಗಿಂತ ಹೆಚ್ಚು ಅನುಕೂಲ. ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ವಿಡಿಯೋ ನೋಡುವವರಿಗೆ ನಿರಾಶೆ ತಪ್ಪದು. ತುಟಿಯ ಚಲನೆಗಿಂತ ಧ್ವನಿ 45 ಮಿಲಿಸೆಕೆಂಡು ಮೊದಲು ಬಂದರೆ ಅಥವಾ 125 ಮಿಲಿಸೆಕೆಂಡು ತಡವಾಗಿ ಬಂದರೆ ನೋಡುವವರಿಗೆ ಗೊತ್ತಾಗುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಇಲ್ಲಿ ತಡವಾಗುವುದು ಪೂರ್ತಿ ಒಂದು ಸೆಕೆಂಡು. ಕಂಪ್ಯೂಟರಿನ ಫೈಲಾದರೆ ವಿಎಲ್‌ಸಿಯಲ್ಲಿ ಧ್ವನಿಯನ್ನು ಅಷ್ಟೇ ಮುಂದೆ ಸರಿಸಿ ಸರಿದೂಗಿಸಬಹುದು. ಟಿವಿಯಲ್ಲಿ ನೇರಪ್ರಸಾರದ ಕ್ರಿಕೆಟ್ ನೋಡುವಾಗ ಅದಕ್ಕೆ ದಾರಿಯಿಲ್ಲ.

ಆಕಾಶವಾಣಿಯ ವಿಷಯವೊಂದು ಉಳಿಯಿತು. ಧಾರವಾಡ ಕೇಂದ್ರದ ಕಾರ್ಯಕ್ರಮಗಳನ್ನು ಇಂಟರ್‌ನೆಟ್ಟಿನಲ್ಲಿ ಕೇಳಿದರೆ ಅವು ಅಪ್ಪನ ಟ್ರಾನ್ಸಿಸ್ಟರಿಗಿಂತ ಹಲವು ಸೆಕೆಂಡು ಹಿಂದೆ ಇರುತ್ತವೆ, ಮತ್ತು ಉದ್ಘೋಷಕರು ಹೇಳುವ ಸಮಯ ಅಷ್ಟರಮಟ್ಟಿಗೆ ಸುಳ್ಳಾಗಿರುತ್ತದೆ. ಗಾಳಿಯಲ್ಲಿ ಬರುವ ರೇಡಿಯೋವನ್ನು ತಡಮಾಡಲು ನಮ್ಮ ಕೈಯಲ್ಲಾಗದು, ಆದರೆ ಅದನ್ನೇ ಮೂಲವನ್ನಾಗಿ ಮಾಡಿಕೊಳ್ಳಬಹುದು. ಟ್ರಾನ್ಸಿಸ್ಟರಿನ ಇಯರ್‌ಫೋನ್ ತೂತಿನಿಂದ ಡೆಸ್ಕ್‌ಟಾಪಿನ ಲೈನ್-ಇನ್‌ಗೆ ಒಂದು ತಂತಿ ಹಾಕಿ, ಸ್ನ್ಯಾಪ್‌ಸರ್ವರಿಗೆ ಎಂಪಿಡಿಯ ಪೈಪಿನ ಜೊತೆಗೆ ಸೌಂಡ್ ಕಾರ್ಡನ್ನೂ ಎರಡನೆಯ ಮೂಲವೆಂದು ತೋರಿಸಿದ್ದೇವೆ. ಯಾವುದು ಬೇಕೋ ಅದನ್ನು ಮೊಬೈಲಿನಿಂದಲೇ ಆರಿಸಬಹುದು. ಟ್ರಾನ್ಸಿಸ್ಟರಿನ ಸದ್ದನ್ನು ಕಾಲುಭಾಗಕ್ಕಿಂತ ಹೆಚ್ಚಿಸಬಾರದು, ಹೆಚ್ಚಿಸಿದರೆ ಲೈನ್-ಇನ್‌ನಲ್ಲಿ ದನಿ ಒಡೆಯುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈಯಿಂದ ಬರುವ ಗೊರಗೊರ ಸದ್ದು ಕೇಳಿಸಿದರೆ ಟ್ರಾನ್ಸಿಸ್ಟರನ್ನು ಅಡಾಪ್ಟರಿನ ಬದಲು ಸೆಲ್ಲುಗಳ ಮೇಲೆ ಓಡಿಸಿ, ಕಂಪ್ಯೂಟರಿನಿಂದ ಎರಡು ಮೊಳ ದೂರದಲ್ಲಿಡಬೇಕು. ಇಯರ್‌ಫೋನ್ ಪಿನ್ನು ಚುಚ್ಚಿದಾಗ ಅದರ ಸ್ವಂತ ಸ್ಪೀಕರು ತಾನಾಗಿಯೇ ಬಂದ್ ಆಗುವುದರಿಂದ, ಒಂದು ಸೆಕೆಂಡು ಮುಂದೆ ಓಡುವ ದನಿ ಮನೆಯಲ್ಲಿ ಬೇರೆಲ್ಲೂ ಉಳಿಯುವುದಿಲ್ಲ.